ರೇಸಿನ ‘ಹಂಗಾಮು’ ಅಂದರೆ ತಪ್ಪೇ?

ಗೆಳೆಯರೇ, ಧಾರವಾಡದಿಂದ ನಮಸ್ಕಾರ. ರೇಸಿನ ‘ಸೀಸನ್’ಗೆ ಕನ್ನಡದಲ್ಲಿ ಹಾಕುವ ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು.

ನಮ್ಮಕ್ಕನ ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾನೆ. ಅವನಿಗೆ ಫಾರ್ಮುಲಾ 2, ಅಂದರೆ ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕಾರ್ ರೇಸಿನ ಹುಚ್ಚು. ಶಾಲೆಯ ಗೋಡೆ ಪತ್ರಿಕೆಗೆ ಅದರ ಮೇಲೆ ಒಂದು ಪುಟ ಬರೆದ. ‘2025ರ ಹಂಗಾಮಿನಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಗೆದ್ದರು’ ಅಂತ ಶುರು. ತಿದ್ದಿದವರು ‘ಹಂಗಾಮು’ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಋತು’ ಅಂತ ಬರೆದಿದ್ದಾರೆ. ಸಂಜೆ ಹಾಳೆ ತಂದು ನನ್ನ ಮುಂದೆ ಹಿಡಿದ. “ಮಾಮಾ, ಅಜ್ಜ ಹಂಗಾಮ ಅಂತಾನಲ್ಲ, ಅದು ತಪ್ಪೇನು?”

ನನಗಂತೂ ಹುಡುಗನ ಪದವೇ ಸರಿ ಅನಿಸುತ್ತದೆ.

ನಮ್ಮ ಕಡೆ ಹಂಗಾಮು ಅಂದರೆ ಬರೀ ಮಳೆ-ಬಿಸಿಲಿನ ಮಾತಲ್ಲ. ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಇದ್ದೇ ಇವೆ. ಆದರೆ ಬ್ಯಾಡಗಿ ಪೇಟೆಯವರು ಮೆಣಸಿನಕಾಯಿ ಹಂಗಾಮು ಅನ್ನುವಾಗ ಮಾಲು ಬರುವುದು, ಮಾರಾಟ, ಲೆಕ್ಕ ಚುಕ್ತಾ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಕಬ್ಬು ನುರಿಸುವ ಹಂಗಾಮು ಸರ್ಕಾರಿ ಕಾಗದದಲ್ಲೇ ಇದೆ, ಅದಕ್ಕೆ ಇಸವಿಯನ್ನೂ ಹಾಕುತ್ತಾರೆ. ಒಂದು ದಿನ ಶುರು, ಒಂದು ದಿನ ಮುಗಿತಾಯ, ನಡುವೆ ದುಡಿಮೆ, ಕೊನೆಗೆ ಲೆಕ್ಕ. ರೇಸಿನ ಸೀಸನ್ ಕೂಡ ಹಾಗೇ ಅಲ್ವಾ?

‘ಋತು’ ಇಟ್ಟರೆ ಏನಾಗುತ್ತದೆ ನೋಡಿ. ಫಾರ್ಮುಲಾ 1ರಲ್ಲಿ ಓಡಿಸಲು ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಮೂರು ಸೀಸನ್‌ಗಳಲ್ಲಿ 40 ಪಾಯಿಂಟು ಕೂಡಿಸಬೇಕು. ಇದನ್ನು ‘ಮೂರು ಋತುಗಳಲ್ಲಿ’ ಅಂತ ಬರೆದರೆ ನಮ್ಮ ಪಂಚಾಂಗದ ಲೆಕ್ಕದಲ್ಲಿ ಬರೀ ಆರು ತಿಂಗಳು! ಮೂರು ಹಂಗಾಮು ಅಂದರೆ ಆ ಗೊಂದಲ ಇಲ್ಲ.

ಪಾರಸಿಯ ‘ಹಂಗಾಮ್’ ಅಂದರೆ ವೇಳೆ, ಕಾಲ. ಮರಾಠಿಯಲ್ಲೂ ಇದೇ ಪದ ಇದೆ. ನಮ್ಮ ‘ಹಂಗಾಮಿ ನೌಕರ’, ‘ಹಂಗಾಮಿ ಸಭಾಪತಿ’ಯೂ ಇದೇ ಬೇರಿನವು. ಫಾರ್ಮುಲಾ 2 ಓಡಿಸುವ ಹುಡುಗರ ಸೀಟಿಗೂ ‘ತಾತ್ಕಾಲಿಕ’ ಅನ್ನುವ ಆ ಅರ್ಥ ಒಪ್ಪುತ್ತದೆ. ಫಾರ್ಮುಲಾ 2 ಚಾಂಪಿಯನ್ ಆದವರು ಮರುವರ್ಷ ಅದೇ ಸರಣಿಯಲ್ಲಿ ಓಡಿಸುವಂತಿಲ್ಲ, ನಿಯಮವೇ ಹಾಗಿದೆ. ಉಳಿದವರು ಮತ್ತೆ ತಂಡ ಹುಡುಕಬೇಕು, ದುಡ್ಡು ಹೊಂದಿಸಬೇಕು.

ಇನ್ನೊಂದು ತೊಡಕು ‘ಸುತ್ತು’. ಅವನ ಹಾಳೆಯಲ್ಲಿದ್ದ ಸಾಲು ಇದು: ‘ಐದನೇ ಸುತ್ತಿನ ಅರ್ಹತಾ ಸುತ್ತಿನಲ್ಲಿ ಹತ್ತನೆಯವರಾದ ಮೈನಿ, ಶನಿವಾರ ಕೊನೆಯ ಸುತ್ತು ಮುಗಿಸಿದಾಗ ಮೊದಲಿಗರಾಗಿದ್ದರು.’ ಮೂರು ಸುತ್ತು, ಮೂರು ಅರ್ಥ: ರೌಂಡು, ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡುವ ಕ್ವಾಲಿಫೈಯಿಂಗ್, ಲ್ಯಾಪ್. ಟ್ರ್ಯಾಕನ್ನು ಒಂದು ಸಲ ಸುತ್ತಿ ಬರುವುದಕ್ಕೆ ಮಾತ್ರ ‘ಸುತ್ತು’ ಉಳಿಸಿಕೊಳ್ಳೋಣ. ಮೆಲ್ಬರ್ನ್, ಮೊನಾಕೊ, ಅಬುಧಾಬಿ ಅಂತ ಊರಿಂದ ಊರಿಗೆ ಹೋಗುವ ರೌಂಡಿಗೆ ‘ಮುಕ್ಕಾಂ’ ಆಗಬಹುದೇ? ನಮ್ಮ ನಾಟಕ ಕಂಪನಿಗಳು ಹಾಗೇ ತಾನೇ ಊರೂರು ತಿರುಗಿದ್ದು. ಈಗಲೂ ಹಳ್ಳಿಯ ವಿಳಾಸದಲ್ಲಿ ‘ಮು. ಪೋ.’ (ಮುಕ್ಕಾಂ ಪೋಸ್ಟ್) ಬರೆಯುತ್ತೇವೆ. 2025ರ ಹಂಗಾಮಿಗೆ 14 ಮುಕ್ಕಾಂ. ಓದುವುದಕ್ಕೂ ಚೆಂದ.

ಹತ್ತನೆಯವರು ಹೇಗೆ ಗೆದ್ದರು ಅಂತ ಕೆಲವರು ಕೇಳಬಹುದು. ಶನಿವಾರದ ಚಿಕ್ಕ ರೇಸಿಗೆ ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಜನರನ್ನು ಹಿಂದುಮುಂದಾಗಿ ನಿಲ್ಲಿಸುತ್ತಾರೆ, ಹತ್ತನೆಯವರು ಎಲ್ಲರಿಗಿಂತ ಮುಂದೆ. ಹುಡುಗ ಇದಕ್ಕೆ ‘ಉಲ್ಟಾ ಸಾಲು’ ಅಂತ ಬರೆದಿದ್ದಾನೆ. ಅದನ್ನು ಯಾರೂ ತಿದ್ದಿಲ್ಲ. ನನಗೂ ತುಂಬಾ ಹಿಡಿಸಿತು.

ಫಾರ್ಮುಲಾ ಕಾರುಗಳಿಗೆ ಹೇಳುವ ‘ಓಪನ್ ವೀಲ್’ಗೆ ‘ತೆರೆದ ಗಾಲಿ’ ಅಂತ ಅಲ್ಲಲ್ಲಿ ಓದಿದ್ದೇನೆ. ಗಾಲಿಯನ್ನು ಬಾಗಿಲಿನ ಹಾಗೆ ತೆರೆಯುತ್ತಾರಾ? ಈ ಕಾರುಗಳ ಗಾಲಿ ಬಾಡಿಯಿಂದ ಹೊರಗೆ ನಿಂತಿರುತ್ತದೆ, ಮೇಲೆ ಮಡ್‌ಗಾರ್ಡ್ ಇಲ್ಲ, ನಮ್ಮ ಚಕ್ಕಡಿಯ ಹಾಗೆ. ಗಾಲಿಗೆ ಗಾಲಿ ತಾಗಿದರೆ ಕಾರು ಮೇಲಕ್ಕೆ ಎಗರಬಹುದು. ಎಷ್ಟು ಹತ್ತಿರ ಹೋಗಬೇಕು ಅನ್ನುವ ಅಂದಾಜು ಎಳೆಯರಿಗೆ ಇಲ್ಲೇ ಬರಬೇಕು. ‘ಹೊರಗಾಲಿ ಕಾರು’ ಅಂದರೆ ನೋಡಿದ್ದೇ ಹೇಳಿದಂತಾಗುತ್ತದೆ. ಓಡಿಸುವವರನ್ನು ‘ಉದಯೋನ್ಮುಖ ಚಾಲಕರು’ ಅನ್ನುವ ಬದಲು ‘ಪಳಗುತ್ತಿರುವ ಚಾಲಕರು’ ಅನ್ನೋಣ. ಹೊಸ ಹೋರಿಯನ್ನು ಹಳೇ ಎತ್ತಿನ ಜೋಡಿ ನೊಗಕ್ಕೆ ಕಟ್ಟಿ ಪಳಗಿಸುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ.

ಮೈಸೂರು, ಮಂಡ್ಯ, ಮಂಗಳೂರು ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ‘ರೇಸಿನ ಹಂಗಾಮು’ ಅಂತ ಓದಿದರೆ ನಿಮಗೆ ಸೀಸನ್ ಅಂತ ತಕ್ಷಣ ಹೊಳೆಯುತ್ತದಾ, ಅಥವಾ ಹೊಲ-ಬೆಳೆಯೇ ಕಣ್ಣ ಮುಂದೆ ಬರುತ್ತದಾ? ‘ಮುಕ್ಕಾಂ’ ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿದೆಯಾ? ಹುಡುಗ ಹಾಳೆಯನ್ನು ಸೋಮವಾರ ವಾಪಸ್ ಕೊಡಬೇಕು. ಅಷ್ಟರೊಳಗೆ ಬರೆದರೆ ಅವನಿಗೂ ತೋರಿಸುತ್ತೇನೆ.