ಗೆಳೆಯರನ್ನು ಕಾಣಲು ದೂರದ ಕಾರು ಪ್ರಯಾಣ: ಸಲಹೆ ಬೇಕಾಗಿದೆ

ಸದಸ್ಯರೆಲ್ಲರಿಗೂ ನಮಸ್ಕಾರ. ದೇಶದ ಬೇರೆ ಬೇರೆ ಮೂಲೆಗಳಲ್ಲಿ ನೆಲೆಸಿರುವ ಹಳೆಯ ಗೆಳೆಯರನ್ನು ಕಂಡು ಬರಲು ನಾನೂ ನನ್ನ ಪತ್ನಿಯೂ ಕಾರಿನಲ್ಲಿಯೇ ಹೊರಡಬೇಕೆಂದಿದ್ದು, ದೂರ ಪ್ರಯಾಣದ ಅನುಭವವಿರುವವರ ನೆರವು ಕೋರುತ್ತಿದ್ದೇನೆ.

ನಕ್ಷೆ ತೋರಿಸುವ ಸಮಯದಲ್ಲಿ ಊಟ, ಇಂಧನ, ವಿಶ್ರಾಂತಿಗಳ ಲೆಕ್ಕ ಸೇರಿರುವುದಿಲ್ಲವಾದ್ದರಿಂದ, ಎಂಟು ಗಂಟೆಯ ದಾರಿಗೆ ಹತ್ತು ಗಂಟೆ ಹಿಡಿದು, ಎರಡು ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ನಿಲ್ಲಿಸಿ, ಕತ್ತಲಾಗುವ ಮುನ್ನ ತಂಗುವ ಊರು ಸೇರುವಂತೆ ದಿನಗಳನ್ನು ಹಂಚಿದ್ದೇನೆ. ನಡುರಾತ್ರಿಯಿಂದ ಬೆಳಗಿನ 6ರವರೆಗೆ ದೇಹವು ನಿದ್ರೆಯನ್ನೇ ಬೇಡುವುದರಿಂದ ರಾತ್ರಿ ಚಾಲನೆಯ ಮಾತೇ ಇಲ್ಲ. ಈ ವಿಷಯದಲ್ಲಿ ಯಾರು ಎಷ್ಟೇ ಧೈರ್ಯ ತುಂಬಿದರೂ ನಾನು ಒಪ್ಪಲಾರೆ.

ನಿಜವಾದ ತೊಡಕಿರುವುದು ಗೆಳೆಯರ ವಿಷಯದಲ್ಲಿ. ಒಬ್ಬರ ಒತ್ತಾಯಕ್ಕೆ ಮಣಿದು ಒಂದು ದಿನ ಹೆಚ್ಚು ನಿಂತರೆ ಮುಂದಿನವರೆಲ್ಲರ ದಿನಾಂಕಗಳೂ ಏರುಪೇರಾಗುತ್ತವೆ. ಬೇಗ ಹೊರಟರೆ ಅವರಿಗೆ ಬೇಸರ. ಎಲ್ಲರಿಗೂ ಖಚಿತ ದಿನಾಂಕ ತಿಳಿಸುವುದು ಮೇಲೋ, ನಡುನಡುವೆ ಬಿಡುವಿನ ದಿನಗಳನ್ನಿಟ್ಟುಕೊಂಡು ಅಂದಾಜು ಹೇಳುವುದು ಮೇಲೋ? ರಜೆ ಹಾಕಿ ಕಾಯುವವರೂ ಇದ್ದಾರೆ.

ಜೊತೆಗೆ, ಸ್ಟೆಪ್ನಿ ಟೈರಿನ ಪಕ್ಕದಲ್ಲಿ 2316 ಎಂದು ಅಚ್ಚಾಗಿದೆ, ಅಂದರೆ ಅದು 2016ರ 23ನೇ ವಾರದ ತಯಾರಿಕೆ. ಒಮ್ಮೆಯೂ ರಸ್ತೆಗಿಳಿಯದಿದ್ದರೂ ರಬ್ಬರಿಗೆ ವಯಸ್ಸಾಗುವುದರಿಂದ ಅದನ್ನು ಬದಲಿಸುವುದು ಖಚಿತ. ಉಳಿದ ನಾಲ್ಕನ್ನೂ ಈಗಲೇ ಬದಲಿಸಬೇಕೇ ಎಂಬುದನ್ನು ನಿರ್ಧರಿಸಲು ನೀವು ಏನೇನು ಪರೀಕ್ಷಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.