ಅಜ್ಜಿ ಭುಜಕ್ಕೆ ಕರೆಂಟ್ ಬೇಡ

ದೊಡ್ಡಪ್ಪ: [ಫೋಟೊ] ಹಾಸನ ಬೇಲೂರು ರಸ್ತೆಯಲ್ಲಿ ಹೊಸ ಫಿಸಿಯೋಥೆರಪಿ ಸೆಂಟರ್. 10 ಸಿಟ್ಟಿಂಗ್‌ಗೆ 3,000. ಅಮ್ಮನ ಭುಜ ಹಿಡ್ಕೊಂಡಿದೆಯಲ್ಲ, ಸೋಮವಾರ ಕರ್ಕೊಂಡು ಹೋಗ್ತೀನಿ.

ಸುಮ ಚಿಕ್ಕಮ್ಮ: ಹೋಗಿ ಬನ್ನಿ ಭಾವ. ಪಕ್ಕದ ಮನೆಯವರ ಸೊಂಟನೋವು ವಾರಕ್ಕೇ ಬಿಟ್ಟೋಯ್ತಂತೆ.

ಶ್ರುತಿ: ದೊಡ್ಡಪ್ಪ, ಬೇಡ. ಪೋಸ್ಟರ್‌ನಲ್ಲಿ 'ನೋಂದಾಯಿತ ಫಿಸಿಯೋಥೆರಪಿಸ್ಟ್' ಅಂತಿದೆ, ನೋಂದಣಿ ನಂಬರ್ ಇಲ್ಲ. ಈಗಷ್ಟೇ ಫೋನ್ ಮಾಡಿ ಕೇಳಿದೆ. ಸೆಂಟರ್ ನಡೆಸೋರು ಜಿಮ್‌ನಲ್ಲಿ ಟ್ರೈನರ್ ಆಗಿದ್ರಂತೆ, ಆರು ತಿಂಗಳ ಕೋರ್ಸ್ ಅಂತೆ. ನಾನು ಫಿಸಿಯೋಥೆರಪಿ ಡಿಗ್ರಿ ಬಿಪಿಟಿಗೆ ನಾಲ್ಕೂವರೆ ವರ್ಷ ಓದಿದ್ದೀನಿ.

ದೊಡ್ಡಪ್ಪ: ಊರಲ್ಲಿ ಉಳುಕು ತೆಗೆಯೋರ ಹತ್ರ ಯಾವ ಲೈಸೆನ್ಸ್ ಇತ್ತಮ್ಮ?

ಶ್ರುತಿ: ಅವರು ಎಣ್ಣೆ ಹಚ್ಚಿ ನೀವೋರು, ಕರೆಂಟ್ ಕೊಡ್ತಿರ್ಲಿಲ್ಲ. ಫೋಟೊದಲ್ಲಿ ಮಂಚದ ಪಕ್ಕ ಇರೋದು ಶಾರ್ಟ್‌ವೇವ್ ಡಯಾಥರ್ಮಿ ಮೆಷಿನ್, ರೇಡಿಯೊ ಅಲೆಯಿಂದ ಮೈಯೊಳಗೆ ಬಿಸಿ ಹುಟ್ಟಿಸೋದು. ಅಜ್ಜಿಗೆ ಪೇಸ್‌ಮೇಕರ್ ಇದೆ! ಅಂಥೋರಿಗೆ ಅದನ್ನ ಹಾಕೋ ಹಾಗೇ ಇಲ್ಲ. ಪೇಸ್‌ಮೇಕರ್ ಕೆಡಬಹುದು, ಹೃದಯಕ್ಕೆ ಹೋಗೋ ಅದರ ವೈರ್ ಕಾದು ತುದಿಯಲ್ಲಿ ಹೃದಯವೇ ಸುಡಬಹುದು.

ಹೋದ ತಿಂಗಳು ನನ್ನ ಹತ್ರ ಒಬ್ಬರು ಅಮ್ಮ ಬಂದ್ರು. ಸಕ್ಕರೆ ಕಾಯಿಲೆ, ಕಾಲಲ್ಲಿ ಸ್ಪರ್ಶ ಇಲ್ಲ. ಎಲ್ಲೋ ಹಾಟ್ ಪ್ಯಾಕ್ ಇಟ್ಟು ಮರೆತಿದ್ರು. ಮೀನಖಂಡದ ಮೇಲೆ ಅಂಗೈ ಅಗಲ ಬೊಬ್ಬೆ, ಸೀರೆ ಅಂಟ್ಕೊಂಡಿತ್ತು. ನೆನೆಸಿ ನೆನೆಸಿ ಬಿಡಿಸಿದ್ವಿ. ಬಿಸಿ ಇಡೋಕೆ ಮೊದಲು ಚರ್ಮಕ್ಕೆ ಬಿಸಿ, ತಂಪು ಗೊತ್ತಾಗುತ್ತಾ ಅಂತ ನೋಡೋದು ನಮಗೆ ಮೊದಲ ಪಾಠ.

ಸುಮ ಚಿಕ್ಕಮ್ಮ: ಅಯ್ಯೋ. ಆದ್ರೂ ಹೊಟ್ಟೆಪಾಡು ಕಣೆ, ಹೆಚ್ಚಂದ್ರೆ ದಂಡ ಕಟ್ತಾರೆ ಅಷ್ಟೆ.

ಶ್ರುತಿ: ಅಷ್ಟೇ ಅಲ್ಲ ಚಿಕ್ಕಮ್ಮ. ಫಿಸಿಯೋಥೆರಪಿಗೂ ಸೇರಿಸಿ 2021ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ನೋಂದಣಿ ಇಲ್ಲದೆ ಇದೆ ಅಂತ ಸುಳ್ಳು ಹೇಳ್ಕೊಂಡ್ರೆ ಮೊದಲ ಸಲ 50,000ದವರೆಗೆ ದಂಡ. ಮತ್ತೆ ಅದೇ ತಪ್ಪು ಮಾಡಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲ 1 ಲಕ್ಷದವರೆಗೆ ದಂಡ, ಎರಡೂ ಹಾಕಬಹುದು. ಸೆಂಟರ್ ತೆರೆಯೋಕೆ ನಮ್ಮ ರಾಜ್ಯದ 2007ರ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ಜಿಲ್ಲೆಯಲ್ಲಿ ಬೇರೆ ನೋಂದಣಿ ಬೇಕು. ಹೊಟ್ಟೆಪಾಡು ಎಲ್ಲರಿಗೂ ಇದೆ, ಆ ಅಮ್ಮನಿಗೂ ಇತ್ತು. ಗಾಯ ಮಾಗೋವರೆಗೆ ಕೂಲಿಗೆ ಹೋಗೋಕಾಗ್ಲಿಲ್ಲ.

ದೊಡ್ಡಪ್ಪ: ನಿನ್ನೆ ಹೋಗಿ ಮಾತಾಡಿ ಬಂದೆ ಕಣಮ್ಮ. ಅಡ್ವಾನ್ಸ್ 500 ಕೊಟ್ಟೆ. ಅಮ್ಮನಿಗೆ 78 ಅಂದೆ. ಬಿಪಿ, ಶುಗರ್, ಪೇಸ್‌ಮೇಕರ್, ಒಂದನ್ನೂ ಕೇಳ್ಲಿಲ್ಲ ಅವ್ನು.

ಶ್ರುತಿ: 500 ಹೋದ್ರೆ ಹೋಗ್ಲಿ. ಶನಿವಾರ ನಾನೇ ಬರ್ತೀನಿ. ಗೋಡೆ ಮೇಲೆ ಬೆರಳು ಹತ್ತಿಸೋ ವ್ಯಾಯಾಮದಿಂದ ಶುರು ಮಾಡೋಣ. ಅಜ್ಜಿಯ ಡಿಸ್ಚಾರ್ಜ್ ಪೇಪರ್ ಹುಡುಕಿ ಇಟ್ಟಿರಿ ದೊಡ್ಡಪ್ಪ.