ಸಹಾಯ ಬೇಕು: ಗಾಳದ ರಾಡ್‌ಗೆ ಯಾವ ಎಪಾಕ್ಸಿ?

ಎಲ್ಲರಿಗೂ ನಮಸ್ಕಾರ. ಮಲ್ಪೆ ಕಡೆ ಬಂಡೆ ಮೇಲಿಂದ ಗಾಳ ಹಾಕಲು 9 ಅಡಿಯ ರಾಡ್ ಒಂದನ್ನು ನಾನೇ ಕಟ್ಟುತ್ತಿದ್ದೇನೆ. ಗೈಡ್‌ಗಳನ್ನು (ಗಾಳದ ದಾರ ಹಾದುಹೋಗುವ ಬಳೆಗಳು) ಕೂರಿಸಿ, ಅವುಗಳ ಕಾಲಿನ ಮೇಲೆ ನೀಲಿ ನೈಲಾನ್ ದಾರ ಸುತ್ತಿ ಆಗಿದೆ. ದಾರದ ಮೇಲೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ಅಂಟಿನ ಲೇಪ) ಹಚ್ಚುವುದು ಮಾತ್ರ ಬಾಕಿ.

ಹೋದ ಸಲ ಹಾರ್ಡ್‌ವೇರ್ ಅಂಗಡಿಯ 5 ನಿಮಿಷದ ಎಪಾಕ್ಸಿ ಹಚ್ಚಿ ಎಲ್ಲಾ ಹಾಳಾಯಿತು. ಬ್ರಷ್ ಎಳೆಯುವಷ್ಟರಲ್ಲೇ ಗಟ್ಟಿಯಾಗಲು ಶುರು, ಗುಳ್ಳೆಗಳು ಒಳಗೇ ಉಳಿದವು, ಬಿಸಿಲಿಗೆ ಹಳದಿ ತಿರುಗಿತು, ಕೊನೆಗೆ ರಾಡ್ ಬಗ್ಗಿದಾಗ ಗೈಡ್‌ನ ಕಾಲಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟು ಅಲ್ಲಿಂದ ಉಪ್ಪುನೀರು ಇಳಿದು ತುಕ್ಕು ಹಿಡಿಯಿತು. ತುಂಬಾ ಬೇಜಾರಾಯಿತು.

ಈ ಸಲ ರಾಡ್‌ಗೆಂದೇ ಮಾಡಿದ್ದನ್ನು ತರಿಸುತ್ತೇನೆ. ಫ್ಲೆಕ್ಸ್ ಕೋಟ್, ಥ್ರೆಡ್‌ಮಾಸ್ಟರ್ ಎಂಬ ಎರಡೂ ಬ್ರಾಂಡ್‌ಗಳಲ್ಲಿ ಲೈಟ್ ಮತ್ತು ಹೈ ಬಿಲ್ಡ್ ಇವೆ. ಹೈ ಬಿಲ್ಡ್ ದಪ್ಪ, ಕೆಲಸ ಬೇಗ ಮುಗಿಯುತ್ತದೆ, ಆದರೆ ಗುಳ್ಳೆ ಹೊರಗೆ ಬರೋದು ಕಷ್ಟ. ಲೈಟ್ ಆದರೆ ತೆಳ್ಳಗೆ ಎರಡು ಮೂರು ಸಲ ಹಚ್ಚಬೇಕು, ನನಗೆ ಅದರ ಕಡೆಗೇ ಮನಸ್ಸು. ಎರಡೂ ಭಾಗಗಳನ್ನು ಬೇರೆ ಬೇರೆ ಸಿರಿಂಜ್‌ನಲ್ಲಿ ಸಮವಾಗಿ ಅಳೆದು ಬೆರೆಸುತ್ತೇನೆ, ರಾಡ್ ನಿಧಾನವಾಗಿ ತಿರುಗಿಸಲು ಮೋಟಾರ್ ಕೂಡ ಇದೆ.

ಚಿಂತೆ ಇರುವುದು ಮಳೆಗಾಲದ್ದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲ್ಮೈ ಮಂಜು ಹಿಡಿದ ಹಾಗೆ ಆಗುತ್ತದೆ ಅಲ್ವಾ? ಕರಾವಳಿಯಲ್ಲಿ ಜುಲೈನಲ್ಲೇ ಹಚ್ಚಿದವರು ಇದ್ದೀರಾ? ಕೋಣೆ ಬೆಚ್ಚಗಿಟ್ಟರೆ ಸಾಕಾ, ಅಥವಾ ಅಕ್ಟೋಬರ್‌ವರೆಗೆ ಕಾಯಬೇಕಾ? ಇನ್ನೊಂದು, ಎಪಾಕ್ಸಿ ಹೀರಿದರೆ ನೀಲಿ ದಾರ ಕಪ್ಪಾಗುತ್ತದೆ, ಮೊದಲು ಕಲರ್ ಪ್ರಿಸರ್ವರ್ (ದಾರದ ಬಣ್ಣ ಉಳಿಸುವ ದ್ರವ) ಹಚ್ಚಿದರೆ ಉಪ್ಪುನೀರಲ್ಲಿ ಹಿಡಿತ ಕಡಿಮೆಯಾಗುತ್ತದಾ? ಬಳಸಿದವರು ದಯವಿಟ್ಟು ಫೋಟೋ ಸಮೇತ ಹೇಳಿ.